ಮುನ್ನೋಟಕ್ಕೊಂದು ಮಿತಿ

ಬೇಗಾರು, ಶೃಂಗೇರಿ, ಕೊಪ್ಪದ ಕಡೆಯ ಯಕ್ಷಗಾನಪ್ರಿಯರು ಕರ್ಣಪರ್ವದ ಅಂತ್ಯವನ್ನು ಚೆನ್ನಾಗಿ ಬಲ್ಲವರಾದರೂ ಬೆಳಗಾಗುವವರೆಗೆ ಕುಳಿತು ಆಟ ನೋಡುತ್ತಾರೆ; ಕರ್ಣನ ಸಾರಥಿಯಾದ ಶಲ್ಯನು ಮುನಿದು ರಥದಿಂದಿಳಿಯುವಾಗ ವೇಷಧಾರಿಯು ಯಾವ ಮಾತನ್ನಾಡುವನೆಂಬುದೇ ಅವರ ಕುತೂಹಲ. ಇದನ್ನೇ ಆಧಾರವಾಗಿಟ್ಟುಕೊಂಡು, ಚಲನಚಿತ್ರದ ಟ್ರೇಲರ್ ಕಥೆಯನ್ನೆಲ್ಲ ಹೇಳಿಬಿಟ್ಟರೂ ರಸಭಂಗವಿಲ್ಲವೆಂದು ಕೆಲವರು ವಾದಿಸುವುದುಂಟು. ಈ ವಾದವು ಪುರಾಣಕ್ಕೆ ಸಲ್ಲುವುದು, ಹೊಸ ಕಥೆಗೆ ಸಲ್ಲದು. 2015ರಲ್ಲಿ ತೆರೆಕಂಡ ಅನೂಪ್ ಭಂಡಾರಿಯವರ ‘ರಂಗಿತರಂಗ’ದಂತಹ ಚಿತ್ರದ ಪ್ರಾಣವಿರುವುದೇ ಪ್ರೇಕ್ಷಕನ ಸಂಶಯದಲ್ಲಿ.

ಹಿಂದಿನವರಿಗೆ ಈ ಸಂಶಯವನ್ನು ಉಳಿಸುವ ವಿವೇಕವಿತ್ತು. ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು ಕಥಾಸಾರವನ್ನು ಅರ್ಧ ಹೇಳಿ, ನಾಯಕಿಯು ಸಂಕಟಕ್ಕೆ ಸಿಲುಕಿದ ಘಳಿಗೆಯಲ್ಲಿ ತಡೆದು, ಮಿಕ್ಕುದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಆಹ್ವಾನಿಸುತ್ತಿದ್ದವು. 1960ರ ‘ಸೈಕೋ’ ಚಿತ್ರದ ಟ್ರೇಲರಿನಲ್ಲಿ ನಿರ್ದೇಶಕ ಹಿಚ್‌ಕಾಕ್ ತಾವೇ ಕಥೆ ನಡೆಯುವ ಮನೆಯನ್ನೂ ಮೋಟೆಲನ್ನೂ ಸುತ್ತಿ, ಕೊಲೆ ನಡೆದ ಸ್ಥಳವನ್ನು ತೋರಿಸಿದರೇ ಹೊರತು ಕೊಲೆಗಾರನ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಇಂದಿನ ಟ್ರೇಲರಾದರೋ ಪ್ರೇಮ, ವಿರಸ, ಸೇಡು, ಅಂತಿಮ ಕಾಳಗಗಳನ್ನು ಎರಡು ಮೂರು ನಿಮಿಷಗಳಲ್ಲಿ ಅನುಕ್ರಮವಾಗಿ ಬಡಿಸಿ ಕೈತೊಳೆದುಕೊಳ್ಳುತ್ತದೆ.

ಮೊದಲ ವಾರಾಂತ್ಯದಲ್ಲೇ ಚಿತ್ರದ ಹಣೆಬರಹ ನಿರ್ಧಾರವಾಗುವ ಕಾಲದಲ್ಲಿ ನಿರ್ಮಾಪಕನ ಭಯವು ನಿರಾಧಾರವಲ್ಲ. ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಬೇಕಾದ ಮಲೆನಾಡಿನ ಪ್ರೇಕ್ಷಕನಿಗೂ ಚಿತ್ರದ ಜಾತಿ ಯಾವುದೆಂದು ತಿಳಿಯುವ ಹಕ್ಕಿದೆ. ಆದರೆ ಅದಕ್ಕೆ ಕಥೆಯ ಪೂರ್ವಾರ್ಧವೇ ಯಥೇಷ್ಟ. ಮಧ್ಯಂತರದ ಆಚೆಯ ಒಂದು ದೃಶ್ಯವನ್ನೂ ಟ್ರೇಲರಿಗೆ ಎತ್ತಿಕೊಳ್ಳಬಾರದೆಂದು ನಮ್ಮ ಚಿತ್ರೋದ್ಯಮವು ತಾನಾಗಿಯೇ ನಿಯಮವಿಟ್ಟುಕೊಳ್ಳಲಿ. ಅಷ್ಟಕ್ಕೇ ಟಿಕೇಟು ಮಾರಲಾಗದ ಚಿತ್ರವನ್ನು ಉತ್ತರಾರ್ಧದ ತುಣುಕುಗಳೂ ಉದ್ಧರಿಸಲಾರವು.