ಬ್ಯಾಟರಿಯ ತಪ್ಪೋ, ನಮ್ಮ ತಪ್ಪೋ?

"ಬಿ.ಎ. ಓದುವವನಿಗೆ ಮೋಟಾರಿನ ಗೊಡವೆ ಏಕೆ?" ಎಂದು ಈ ತಲೆಬರಹವನ್ನು ಕಂಡೊಡನೆ ಮಿತ್ರರು ಕೇಳಬಹುದು. ಕಾವ್ಯ, ಇತಿಹಾಸಗಳನ್ನು ಬಿಟ್ಟು ಬ್ಯಾಟರಿಯ ಮೇಲೆ ಬರೆಯ ಹೊರಟಿರುವುದಕ್ಕೆ ಕಾರಣವಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ನನ್ನ ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ತಂದೆಯವರ ಹಳೆಯ ಬಾಡಿಗೆ ಕಾರಿನಿಂದಲೇ ನಡೆಯತಕ್ಕವು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವೆ ಆ ಕಾರು ಓಡಿದ ದಿನ ಮನೆಯಲ್ಲಿ ನಗುವಿರುತ್ತದೆ. ನಿಂತ ದಿನ ಯಾರೂ ಹೆಚ್ಚು ಮಾತನಾಡುವುದಿಲ್ಲ.

ಕಳೆದ ವರ್ಷ ಆ ಕಾರಿಗೆ ವಿಚಿತ್ರವಾದೊಂದು ರೋಗ ತಗಲಿತು. ದಿನವೂ ಓಡುತ್ತಿದ್ದರೆ ಏನೂ ತೊಂದರೆಯಿಲ್ಲ. ಶನಿವಾರ ಸಂಜೆ ನಿಲ್ಲಿಸಿ ಸೋಮವಾರ ಬೆಳಿಗ್ಗೆ ಕೀಲಿ ತಿರುವಿದರೆ ಮಾತ್ರ 'ಟಕ್ ಟಕ್' ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. ಅಂಗಡಿಯವರು "ಬ್ಯಾಟರಿ ಹೋಗಿದೆ, ಬದಲಿಸಿ" ಎಂದರು. ನಾಲ್ಕು ಸಾವಿರ ರೂಪಾಯಿ ಕೊಟ್ಟು ಬದಲಿಸಿದೆವು. ಮೂರೇ ವಾರಗಳಲ್ಲಿ ಮತ್ತೆ ಅದೇ ಕಥೆ! ಈ ಬಾರಿ "ಇನ್ನೂ ದೊಡ್ಡದನ್ನು ಹಾಕಿಸಿ" ಎಂಬ ಸಲಹೆ ಬಂದಿತು. ಅಂತಹ ಒಂದು ಸೋಮವಾರವೇ ಹಳ್ಳಿಯೊಂದರಿಂದ ರೋಗಿಯನ್ನು ರಾಯಚೂರಿನ ಆಸ್ಪತ್ರೆಗೆ ಒಯ್ಯುವುದಾಗಿ ತಂದೆಯವರು ಮಾತು ಕೊಟ್ಟಿದ್ದರು. ಕಾರು ಏಳಲಿಲ್ಲ. ಅವರು ಬೇರೆ ಗಾಡಿ ಹಿಡಿದು ಹೋದರು. ಬಾಡಿಗೆ ಕೈತಪ್ಪಿದ್ದಕ್ಕಿಂತ ಮಾತು ತಪ್ಪಿದ್ದೇ ತಂದೆಯವರನ್ನು ಹೆಚ್ಚು ನೋಯಿಸಿತು.

ಕೊನೆಗೆ ಲಿಂಗಸುಗೂರಿನ ವೃದ್ಧ ಮಿಸ್ತ್ರಿಯೊಬ್ಬರ ಬಳಿಗೆ ಹೋದೆವು. ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಅವರು ಬ್ಯಾಟರಿಯನ್ನು ಅಳೆದು ನೋಡಿ, "ತಮ್ಮಾ, ಬ್ಯಾಟ್ರಿ ಸತ್ತಿಲ್ಲ. ಗಾಡಿ ಮಲಗಿದ ಮ್ಯಾಲೂ ಯಾರೋ ಅದನ್ನ ಹೀರಾಕ ಹತ್ಯಾರ. ಅವರನ್ನ ಹಿಡೀಬೇಕು" ಎಂದರು.

ಅವರು ಹಿಡಿದ ಕ್ರಮವನ್ನು ನಾನು ಬೆರಗಾಗಿ ನೋಡಿದೆ. ಕೀಲಿ ತೆಗೆದರು. ಒಳದೀಪ ಹತ್ತದಂತೆ ಬಾಗಿಲಿನ ಗುಂಡಿಯನ್ನು ಒತ್ತಿ ಪಟ್ಟಿ ಅಂಟಿಸಿದರು. ಬ್ಯಾಟರಿಯ ಋಣ ಧ್ರುವದ ತಂತಿಯನ್ನು ಬಿಚ್ಚಿ, ಆ ತಂತಿಗೂ ಧ್ರುವಕ್ಕೂ ನಡುವೆ ಮೀಟರನ್ನು ಸೇರಿಸಿದರು. ಮೀಟರು ಹಾಗಿರುವಾಗ ಇಂಜಿನ್ ಚಾಲೂ ಮಾಡಕೂಡದೆಂದೂ, ಮಾಡಿದರೆ ಮೀಟರಿನ ಫ್ಯೂಸೇ ಸುಡುವುದೆಂದೂ ಎಚ್ಚರಿಸಿದರು. ಗಾಡಿಯೊಳಗಿನ ಯಂತ್ರಗಳೆಲ್ಲ ನಿದ್ರೆ ಹೋಗಲೆಂದು ಅರ್ಧ ಗಂಟೆ ಕಾದು ನೋಡಿದರೆ, ಮೀಟರು ಅರ್ಧ ಆಂಪಿಯರು ತೋರಿಸುತ್ತಿದ್ದಿತು! ಗಡಿಯಾರ ಮೊದಲಾದವುಗಳಿಗೆ ತುಸು ವಿದ್ಯುತ್ತು ಬೇಕೇ ಬೇಕು. ಆದರೆ ಅದು ಸಾಮಾನ್ಯವಾಗಿ 50 ಮಿಲಿ ಆಂಪಿಯರಿನೊಳಗೆ ಇರಬೇಕು. ಇಲ್ಲಿ ಅದರ ಹತ್ತರಷ್ಟು ಸೋರುತ್ತಿದ್ದಿತು.

ಅನಂತರ ಕಾಕಾ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಪ್ರತಿ ಸಲವೂ ಮೀಟರನ್ನು ನೋಡಿ, ಮತ್ತೆ ಅವುಗಳ ಜಾಗದಲ್ಲಿಯೇ ಇಟ್ಟರು. ಯಾವ ಫ್ಯೂಸು ಕಿತ್ತಾಗ ಅಂಕಿ ಇಳಿಯುವುದೋ ಆ ದಾರಿಯಲ್ಲಿ ದೋಷವಿದೆಯೆಂದು ತಿಳಿಯಬೇಕು. ಎಲ್ಲವನ್ನೂ ಕಿತ್ತು ನೋಡಿದರೂ ಅಂಕಿ ಅಲುಗಲಿಲ್ಲ. "ಪೆಟ್ಟಿಗ್ಯಾಗ ಕಳ್ಳ ಇಲ್ಲ. ಬ್ಯಾರೆ ದಾರಿಲೆ ಬಂದಾನ" ಎಂದು ಬ್ಯಾಟರಿಯ ಬಳಿಗೆ ಬಗ್ಗಿದರು. ಅಲ್ಲಿಂದ ನೇರವಾಗಿ ಹೊರಟ ಒಂದು ಕೆಂಪು ತಂತಿ ಚಾಪೆಯ ಕೆಳಗೆ ಹಾದು ಡಿಕ್ಕಿಯವರೆಗೂ ಹೋಗಿದ್ದಿತು.

ಅದನ್ನು ಕಂಡೊಡನೆ ನನ್ನ ಎದೆ ಧಸಕ್ಕೆಂದಿತು. ಜಾತ್ರೆಗೆ ಹೋಗುವ ಸಡಗರದಲ್ಲಿ ಹಾಡು ಜೋರಾಗಿ ಕೇಳಲೆಂದು ಗೆಳೆಯನೊಡನೆ ಸೇರಿ ಆಂಪ್ಲಿಫೈಯರನ್ನು ಕೂಡಿಸಿದವನು ನಾನೇ. ಕೀಲಿ ತಿರುವಿದಾಗ ಮಾತ್ರ ಜೀವ ಬರುವ ತಂತಿಗೆ ಸೇರಿಸಬೇಕಾದ ಸಣ್ಣ ಎಳೆಯನ್ನು, ಸದಾ ಜೀವವಿರುವ ತಂತಿಗೆ ಸುತ್ತಿಬಿಟ್ಟಿದ್ದೆವು. ಹಾಡು ನಿಂತರೂ ಆ ಯಂತ್ರ ರಾತ್ರಿಯೆಲ್ಲ ಎಚ್ಚರವಾಗಿಯೇ ಇದ್ದಿತು. "ಅಪ್ಪಾ, ತಪ್ಪು ನಂದು" ಎಂದೆ. "ಆತು ಬಿಡು, ಸಿಕ್ತಲ್ಲ" ಎಂದಷ್ಟೇ ತಂದೆಯವರು ಅಂದರು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಎಳೆಯನ್ನು ಸರಿಯಾದ ಕಡೆಗೆ ಬದಲಿಸಿದ ಮೇಲೆ ಅಂಕಿ 20 ಮಿಲಿ ಆಂಪಿಯರಿಗೆ ಇಳಿಯಿತು. ಕಾಕಾ ತೆಗೆದುಕೊಂಡದ್ದು ಮುನ್ನೂರು ರೂಪಾಯಿ.

ಲೆಕ್ಕವನ್ನು ನಾನು ಮೊದಲೇ ಹಾಕಬಹುದಾಗಿದ್ದಿತು. ನಮ್ಮ ಬ್ಯಾಟರಿಯ ಶಕ್ತಿ 35 ಆಂಪಿಯರ್-ಗಂಟೆ. ಗಂಟೆಗೆ ಅರ್ಧದಂತೆ, ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗಿನ 36 ಗಂಟೆಗಳಲ್ಲಿ 18 ಸೋರಿತು. ಅಂದರೆ ಅರ್ಧಕ್ಕಿಂತ ಹೆಚ್ಚು! ದಿನವೂ ಓಡಿದಾಗ ಸೋರಿದ್ದು ಮತ್ತೆ ತುಂಬುತ್ತಿದ್ದುದರಿಂದ ರೋಗ ಮರೆಯಾಗಿದ್ದಿತು. ಹೀಗೆ ಪದೇ ಪದೇ ಬರಿದಾದರೆ ಸೀಸದ ಬ್ಯಾಟರಿಯ ಆಯುಷ್ಯವೂ ಕುಗ್ಗುವುದು. ಗುಣಾಕಾರ ಬಲ್ಲ ಯಾರಿಗಾದರೂ ಸಾಧ್ಯವಾದ ಈ ಲೆಕ್ಕವನ್ನು ಹದಿನೈದು ವರ್ಷ ಓದಿದ ನಾನು ಮಾಡಲಿಲ್ಲ. ಮೀಟರು ಹಿಡಿದ ಕಾಕಾ ಮಾಡಿದರು.

ನನ್ನ ಅಭಿಪ್ರಾಯವಿಷ್ಟೇ. ಕಾರಣ ಹುಡುಕದೆ ವಸ್ತುವನ್ನು ಬದಲಿಸುವುದು ನಮಗೆ ರೂಢಿಯಾಗಿಬಿಟ್ಟಿದೆ. ಬದಲಿಸುವುದು ಸುಲಭ, ಹುಡುಕಲು ತಾಳ್ಮೆ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ನಾಡೆಲ್ಲ ಎಚ್ಚೆತ್ತಿತು. ಏಕೆಂದರೆ ಆ ನೀರು ಎಲ್ಲರ ಕಣ್ಣಿಗೆ ಕಂಡಿತು. ಆದರೆ ಕಾಲುವೆಗೆ ಕದ್ದು ಇಳಿಬಿಟ್ಟ ಕೊಳವೆ, ಲೆಕ್ಕದ ಪುಸ್ತಕದಲ್ಲಿಲ್ಲದ ಖರ್ಚು, ಇಂತಹವು ಕೆಂಪು ತಂತಿಯಂತೆ ಚಾಪೆಯ ಕೆಳಗೇ ಹಾದು ಹೋಗುತ್ತವೆ. ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟದಿದ್ದಾಗ ಮಾತ್ರ ನಾವು ಜಲಾಶಯವನ್ನು ದೂರುತ್ತೇವೆ.

ಇದು ವಿಜ್ಞಾನದವರ ಕೆಲಸವೆಂದು ನಾವು ಜಾರಿಕೊಳ್ಳುವಂತಿಲ್ಲ. 1915ರಲ್ಲಿ ನಮ್ಮ ಮಸ್ಕಿಯ ಶಾಸನವನ್ನು ಕಂಡುಹಿಡಿದ ಸಿ. ಬೀಡನ್ ಇತಿಹಾಸದ ಅಧ್ಯಾಪಕರಲ್ಲ, ಚಿನ್ನದ ಗಣಿಯ ಇಂಜಿನಿಯರರು. 'ದೇವಾನಾಂಪ್ರಿಯ'ನು ಅಶೋಕನೇ ಎಂಬುದಕ್ಕೆ ಕಲ್ಲಿನ ಸಾಕ್ಷಿ ದೊರೆತದ್ದು ಹಾಗೆ. ಗಣಿಯವನು ಇತಿಹಾಸಕ್ಕೆ ನೆರವಾಗಬಹುದಾದರೆ, ಇತಿಹಾಸದ ವಿದ್ಯಾರ್ಥಿ ಮೀಟರನ್ನು ಓದಲು ಕಲಿಯಬಾರದೇ?

ನಮ್ಮ ಕಾಲೇಜಿನ ಸಂಘಗಳು ವರ್ಷಕ್ಕೊಮ್ಮೆಯಾದರೂ ಕಾಕಾನಂತಹ ಮಿಸ್ತ್ರಿಯೊಬ್ಬರನ್ನು ಅತಿಥಿಯಾಗಿ ಕರೆಯಲೆಂದು ಗುರುಗಳಲ್ಲಿ ನನ್ನ ವಿನಂತಿ. ಟ್ರ್ಯಾಕ್ಟರುಗಳೇ ತುಂಬಿದ ಈ ಭತ್ತದ ಸೀಮೆಯಲ್ಲಿ, ಹಂಗಾಮು ಮುಗಿದು ಗಾಡಿ ನಿಂತಾಗ ಋಣ ಧ್ರುವದ ತಂತಿ ಬಿಚ್ಚಿಡಬೇಕೆಂಬ ಒಂದು ಮಾತು ತಿಳಿದರೂ ಎಷ್ಟೋ ಮನೆಗಳ ಹಣ ಉಳಿದೀತು. ಈ ವರ್ಷ ನಾನು ಪದವಿಯೊಡನೆ ಮನೆಗೆ ಹೋಗುವವನಿದ್ದೇನೆ. ಅದರ ಜೊತೆಗೆ ಸಣ್ಣದೊಂದು ಮೀಟರನ್ನೂ ಕೊಂಡಿದ್ದೇನೆ. ತಂದೆಯವರಿಗೆ ಓದಲು ಬರುವುದಿಲ್ಲ. ಆದರೆ ಆ ಅಂಕಿಗಳು ಅವರಿಗೆ ಈಗ ಚೆನ್ನಾಗಿ ಗೊತ್ತು.