ಕಳ್ಳ ಬಿಲ್ ಮೊದಲು ಕಾಣುವುದು ಲೆಕ್ಕ ಬರೆಯುವವನಿಗೆ, ಅವನ ಮಾತು ಕೇಳುವವರು ಯಾರು?

2024ರ ಮೇ ತಿಂಗಳ ಕೊನೆಯಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕಪತ್ರ ಅಧೀಕ್ಷಕರೊಬ್ಬರು ಶಿವಮೊಗ್ಗದ ಮನೆಯಲ್ಲಿ ಜೀವ ಕಳೆದುಕೊಂಡರು. ನಿಗಮದ 187 ಕೋಟಿ ರೂಪಾಯಿ ಅಕ್ರಮವಾಗಿ ವರ್ಗಾವಣೆಯಾಗಿದೆ ಎಂಬ ಆರೋಪ ಹೊರಬಂದದ್ದು ಅವರು ಬರೆದಿಟ್ಟ ಪತ್ರದಿಂದ. ಜೂನ್‌ನಲ್ಲಿ ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು. ನಾವೆಲ್ಲ ರಾಜಕೀಯ ಮಾತಾಡಿದ್ದೇ ಮಾತಾಡಿದ್ದು. ಆದರೆ ನನ್ನಂಥ ಅಕೌಂಟೆಂಟನ್ನು ಕಾಡುವ ಪ್ರಶ್ನೆ ಬೇರೆ. ಲೆಕ್ಕ ಬರೆಯುವವನು ಮೇಲಿನವರ ಒತ್ತಡಕ್ಕೆ ಸಿಕ್ಕಾಗ ಧೈರ್ಯದಿಂದ ಹೋಗಿ ಹೇಳಲು ಒಂದು ಜಾಗ ಬೇಡವೇ?

ಗಲ್ಫ್‌ನಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದು ಈಗ ನ್ಯೂಜಿಲೆಂಡಿನ ಜಾನ್ಸನ್‌ವಿಲ್‌ನಲ್ಲಿದ್ದೇನೆ. ಇದು ರಾಜಧಾನಿ ವೆಲ್ಲಿಂಗ್ಟನ್‌ನ ಒಂದು ಬಡಾವಣೆ. ಭ್ರಷ್ಟಾಚಾರ ಕಡಿಮೆ ಇರುವ ದೇಶಗಳ ಪಟ್ಟಿಯಲ್ಲಿ ನ್ಯೂಜಿಲೆಂಡ್ ಯಾವಾಗಲೂ ಮೇಲಿರುತ್ತದೆ. ಆದರೂ ವೆಲ್ಲಿಂಗ್ಟನ್‌ನ ಸಾರಿಗೆ ಸಚಿವಾಲಯದಲ್ಲೇ ಬೇಲಿ ಎದ್ದು ಹೊಲ ಮೇಯ್ದಿತ್ತು.

ಅಲ್ಲಿ ಹಿರಿಯ ಮ್ಯಾನೇಜರ್ ಆಗಿದ್ದ ಜೋಆನ್ ಹ್ಯಾರಿಸನ್ ಸುಳ್ಳು ಇನ್‌ವಾಯ್ಸ್‌ಗಳ ಮೂಲಕ ಏಳು ಲಕ್ಷಕ್ಕೂ ಹೆಚ್ಚು ನ್ಯೂಜಿಲೆಂಡ್ ಡಾಲರ್ ಹೊಡೆದಿದ್ದರು. ತಪ್ಪೊಪ್ಪಿಕೊಂಡರು, 2017ರಲ್ಲಿ ಮೂರು ವರ್ಷ ಏಳು ತಿಂಗಳ ಜೈಲು ಶಿಕ್ಷೆಯಾಯಿತು. ಅದಕ್ಕಿಂತ ದೊಡ್ಡ ಪಾಠ ಬೇರೆ ಇದೆ. ಆಕೆಯ ಬಿಲ್‌ಗಳು ಸರಿಯಿಲ್ಲ ಎಂದು ಕೆಳಗಿನ ಸಿಬ್ಬಂದಿ ಮೊದಲೇ ಪ್ರಶ್ನೆ ಎತ್ತಿದ್ದರು! ಅವರ ಮಾತಿಗೆ ಬೆಲೆ ಸಿಗಲಿಲ್ಲ. ಅವರಿಗೆ ಅನ್ಯಾಯವಾಗಿದೆ ಎಂದು ಸರಕಾರಿ ಸೇವಾ ಆಯೋಗದ ತನಿಖೆ ಹೇಳಿತು. ಆಮೇಲೆ ಕ್ಷಮೆ ಕೇಳಿ ಪರಿಹಾರ ಕೊಡಲಾಯಿತು. ತಪ್ಪು ಬಯಲಿಗೆಳೆಯುವವರ ರಕ್ಷಣೆಗೆ ಇಲ್ಲಿ 2000ದಿಂದಲೇ ಕಾನೂನಿತ್ತು. ಅದರ ಜಾಗದಲ್ಲಿ ಹೊಸ ಕಾನೂನು 2022ರ ಜುಲೈ 1ರಿಂದ ಜಾರಿಗೆ ಬಂದಿದೆ.

"ಆಡಿಟ್ ಇರ್ತದಲ್ಲ ಮಾರಾಯ್ರೆ, ಅವರು ಹಿಡಿಯುವುದಿಲ್ವಾ?" ಎಂದು ಕೇಳುವವರಿದ್ದಾರೆ. ಅಬುಧಾಬಿಯ ಎನ್‌ಎಂಸಿ ಹೆಲ್ತ್ ನೆನಪಿಸಿಕೊಳ್ಳಿ. ಉಡುಪಿಯ ಬಿ.ಆರ್. ಶೆಟ್ಟಿ ಕಟ್ಟಿದ ಕಂಪೆನಿ ಅದು. 2019ರ ಜೂನ್ ಲೆಕ್ಕದಲ್ಲಿ 210 ಕೋಟಿ ಡಾಲರ್ ಎಂದು ತೋರಿಸಿದ್ದ ಸಾಲ, 2020ರ ಮಾರ್ಚ್‌ನಲ್ಲಿ 660 ಕೋಟಿ ಡಾಲರ್ ಎಂದು ಗೊತ್ತಾಯಿತು. ತನಗೇ ಮೋಸವಾಗಿದೆ ಎಂದು ಶೆಟ್ಟರು ಹೇಳುತ್ತ ಬಂದಿದ್ದಾರೆ. ಅದೇನೇ ಇರಲಿ, ವರ್ಷ ವರ್ಷ ಆಡಿಟ್ ಆಗುತ್ತಿದ್ದ ಲೆಕ್ಕದ ಬಗ್ಗೆ ಬಹಿರಂಗವಾಗಿ ಸಂಶಯ ಎಬ್ಬಿಸಿದ್ದು ಹೊರಗಿನ ಒಂದು ಹೂಡಿಕೆ ಸಂಸ್ಥೆ.

ವಂಚನೆ ಪತ್ತೆಯ ಲೆಕ್ಕಶಾಸ್ತ್ರಕ್ಕೆ ಫೊರೆನ್ಸಿಕ್ ಅಕೌಂಟಿಂಗ್ ಎನ್ನುತ್ತಾರೆ. ಅಮೆರಿಕದ ಡೊನಾಲ್ಡ್ ಕ್ರೆಸ್ಸಿ 1953ರಲ್ಲಿ ಮಂಡಿಸಿದ ವಿಚಾರವನ್ನು ಇಂದಿಗೂ ಇದರ ಮೊದಲ ಪಾಠವಾಗಿ ಕಲಿಸುತ್ತಾರೆ. ಹಣದ ಒತ್ತಡ, ಕದಿಯಲು ಅವಕಾಶ, 'ಇದು ತಪ್ಪಲ್ಲ' ಎಂದು ತನಗೆ ತಾನೇ ಹೇಳಿಕೊಳ್ಳುವ ಸಮಜಾಯಿಷಿ, ಈ ಮೂರೂ ಸೇರಿದಲ್ಲಿ ವಂಚನೆ ಹುಟ್ಟುತ್ತದೆ. ಇನ್ನು ಹಿಡಿಯುವ ಮಾತು. ವಂಚನೆ ಪರೀಕ್ಷಕರ ಅಂತಾರಾಷ್ಟ್ರೀಯ ಸಂಘ ಎಸಿಎಫ್‌ಇಯ 2024ರ ವರದಿ ಪ್ರಕಾರ ಶೇ. 43ರಷ್ಟು ಪ್ರಕರಣಗಳು ಸಿಕ್ಕಿಬಿದ್ದದ್ದು ಯಾರೋ ಕೊಟ್ಟ ಸುಳಿವಿನಿಂದ. ಆ ಸುಳಿವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಕಂಪೆನಿಯ ನೌಕರರದ್ದು. ಹೊರಗಿನ ಆಡಿಟರ್ ಹಿಡಿದದ್ದು ಬರೀ ಶೇ. 3.

ಗಲ್ಫ್‌ನಲ್ಲಿ ನಾನಿದ್ದ ಒಂದು ಕಡೆ ಒಬ್ಬ ಸಪ್ಲೈಯರ್‌ನ ಬಿಲ್ ನಂಬರ್ ತಿಂಗಳು ತಿಂಗಳು 41, 42, 43 ಎಂದೇ ಬರುತ್ತಿತ್ತು. ಅಂದರೆ ಆತನಿಗೆ ಬೇರೆ ಗಿರಾಕಿಯೇ ಇಲ್ಲ! ಕೇಳಿದ್ದಕ್ಕೆ ಮ್ಯಾನೇಜರ್, "ನಿನ್ನ ಕೆಲಸ ಎಂಟ್ರಿ ಹಾಕೋದು" ಎಂದ. ವೀಸಾ, ರೂಮು, ಮಗಳ ಫೀಸು ಎಲ್ಲ ಕಣ್ಣ ಮುಂದೆ ಬಂತು. ಎಂಟ್ರಿ ಹಾಕಿದೆ. ಅಂದು ರಾತ್ರಿ ಊರಿಗೆ ಫೋನ್ ಮಾಡಿದಾಗಲೂ ಹೇಳಲಿಲ್ಲ. ಹಾಗಾಗಿ "ಧೈರ್ಯವಾಗಿ ದೂರು ಕೊಡಿ" ಎಂದು ದೂರದಲ್ಲಿ ಕೂತು ನಿಮಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ.

ಆದರೆ ನಿಮ್ಮನ್ನು ನೀವು ಉಳಿಸಿಕೊಳ್ಳಬಹುದು. ಖಾಲಿ ವೋಚರ್‌ಗೆ, ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಬೇಡ. ಕೈಗೆ ಬಾರದ ಸಂಬಳಕ್ಕೆ, ನೋಡದ ಸರಕಿಗೆ ಸಹಿ ಬೇಡವೇ ಬೇಡ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಎಂಟ್ರಿ ಯಾರು ಹಾಕಿದರೂ ಸಿಸ್ಟಮ್‌ನಲ್ಲಿ ಉಳಿಯುವುದು ನಿಮ್ಮ ಹೆಸರು. ಬಾಯಿಮಾತಿನಲ್ಲಿ ಆರ್ಡರ್ ಬಂದರೆ, "ಈ ಬಿಲ್‌ಗೆ ಡೆಲಿವರಿ ನೋಟ್ ಸಿಕ್ಕಿಲ್ಲ, ಏನು ಮಾಡಲಿ?" ಎಂದು ಆಫೀಸ್ ಇ-ಮೇಲ್‌ನಲ್ಲಿ ಕೇಳಿ. ಒಂದು ಸಾಲು ಸಾಕು, ಅದು ಆರೋಪವೂ ಅಲ್ಲ. ಯಾರು, ಯಾವತ್ತು, ಏನು ಹೇಳಿದರು ಎಂದು ತಾರೀಕು ಹಾಕಿ ಬರೆದಿಡಿ. ಕಂಪೆನಿ ಕಾಗದದ ಫೋಟೋ ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಗಲ್ಫ್‌ನ ಕಾನೂನು ಬಿಗಿ, ಕಳ್ಳ ಹೊರಗುಳಿದು ನೀವು ಒಳಗೆ ಹೋಗುವ ಹಾಗಾದೀತು.

ಊರಿನಲ್ಲಿರುವ ಮನೆಯವರಿಗೂ ಒಂದು ಮಾತು. ಮಗನೋ ಗಂಡನೋ ಫೋನಿನಲ್ಲಿ "ಆಫೀಸಿನಲ್ಲಿ ಏನೋ ಸರಿ ಇಲ್ಲ" ಎಂದರೆ, "ಸಂಬಳ ಬರ್ತದಲ್ಲ, ಸುಮ್ನಿರು" ಅನ್ನಬೇಡಿ. ಪೂರ್ತಿ ಕೇಳಿ. ಅವರ ಮಾತಿಗೆ ಸಿಗುವ ಮೊದಲ ಬಾಗಿಲು ನೀವೇ.