ಕಾರಿನೊಳಗಿನ ನಕ್ಷೆಗೆ ವಯಸ್ಸಾದಾಗ

ಕಳವಾದಿಂದ ಥಾಣೆಗೆ ಹೊರಟು ಖಾಡಿಯ ಮೇಲಿನ ಮೂರನೆಯ ಸೇತುವೆಯನ್ನು ಏರಿದೊಡನೆ ನಮ್ಮ ಕಾರಿನ ಪರದೆಯ ಮೇಲೆ ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತದೆ. ರಸ್ತೆ ಮಾಯವಾಗಿ ಸುತ್ತಲೂ ನೀಲಿ ಬಣ್ಣ ಆವರಿಸುತ್ತದೆ. ಕಾರನ್ನು ಸೂಚಿಸುವ ಬಾಣದ ಗುರುತು ನೀರಿನ ಮೇಲೆ ದೋಣಿಯಂತೆ ಸಾಗುತ್ತದೆ. ಹಿಂದಕ್ಕೆ ತಿರುಗಿಸಿ ಎಂದು ಯಂತ್ರದ ಹೆಣ್ಣುದನಿ ಒಂದೇ ಸಮನೆ ಆಜ್ಞಾಪಿಸುತ್ತಿರುತ್ತದೆ. ಆ ಸೇತುವೆ ಸಂಚಾರಕ್ಕೆ ತೆರೆದದ್ದು 2022ರ ನವೆಂಬರಿನಲ್ಲಿ. ಕಾರು ಕೊಂಡದ್ದು 2016ರಲ್ಲಿ. ಅದರೊಳಗಿನ ನಕ್ಷೆಯೂ ಅಂದಿನದೇ.

ಬ್ಯಾಂಕಿನ ಕೌಂಟರಿನಲ್ಲಿ ದಿನ ಕಳೆಯುವ ನನಗೆ ಇದನ್ನು ನೋಡಿದಾಗಲೆಲ್ಲ ವರ್ಷಗಟ್ಟಲೆ ದಾಖಲೆ ಮಾಡಿಸದ ಪಾಸ್‌ಬುಕ್ ನೆನಪಾಗುತ್ತದೆ. ಅದರಲ್ಲಿ ಕಾಣುವ ಶಿಲ್ಕು ಸುಳ್ಳಲ್ಲ, ಆದರೆ ಇಂದಿನದಲ್ಲ. ವ್ಯತ್ಯಾಸವೆಂದರೆ, ಪಾಸ್‌ಬುಕ್ ತಂದವರಿಗೆ ನಾವು ಅಂದೇ ನಮೂದಿಸಿ ಕೊಡುತ್ತೇವೆ. ಕಾರಿನ ನಕ್ಷೆಯ ಮಟ್ಟಿಗೆ ಅಂತಹ ಕೌಂಟರು ಎಲ್ಲಿದೆ ಎಂಬುದೇ ಪ್ರಶ್ನೆ.

ಈ ವ್ಯವಸ್ಥೆಯ ಕಾರ್ಯವಿಧಾನ ಸರಳವಾದುದು. ಉಪಗ್ರಹಗಳ ಸಂಕೇತದಿಂದ ತಿಳಿಯುವುದು ಕಾರು ಎಲ್ಲಿದೆ ಎಂಬುದು ಮಾತ್ರ. ಅಲ್ಲಿ ರಸ್ತೆ ಇದೆಯೇ, ಅದು ಏಕಮುಖವೇ, ಎಡಕ್ಕೆ ತಿರುಗಲು ಅವಕಾಶವುಂಟೇ ಎಂಬುದನ್ನೆಲ್ಲ ಹೇಳುವುದು ಕಾರಿನ ಮೆಮರಿ ಕಾರ್ಡಿನಲ್ಲಿ ತುಂಬಿಟ್ಟ ನಕ್ಷೆ. ಉಪಗ್ರಹದ ಲೆಕ್ಕ ಕ್ಷಣಕ್ಷಣಕ್ಕೂ ಹೊಸದು, ನಕ್ಷೆಯಾದರೋ ಕಾರ್ಡಿಗೆ ತುಂಬಿದ ದಿನದಿಂದಲೇ ಹಳತಾಗತೊಡಗುತ್ತದೆ. ಕಾರು ತಯಾರಕರಲ್ಲಿ ಹೆಚ್ಚಿನವರು ನಕ್ಷೆಯನ್ನು ಸ್ವತಃ ರಚಿಸುವುದಿಲ್ಲ. ನಮ್ಮ ದೇಶದಲ್ಲಿ 1995ರಲ್ಲಿ ಆರಂಭವಾದ ಮ್ಯಾಪ್‌ಮೈಇಂಡಿಯಾ, ವಿದೇಶಗಳಲ್ಲಿ ಹಿಯರ್ ಹಾಗೂ ಟಾಮ್‌ಟಾಮ್ ಮುಂತಾದ ಸಂಸ್ಥೆಗಳಿಂದ ಪಡೆಯುತ್ತಾರೆ. ನಕ್ಷೆಯವರು ವರ್ಷವಿಡೀ ತಿದ್ದುತ್ತಿದ್ದರೂ ಆ ತಿದ್ದುಪಡಿಗಳು ಕಾರು ತಯಾರಕರ ಮೂಲಕ ಗ್ರಾಹಕನ ಕಾರ್ಡಿಗೆ ತಲುಪಬೇಕು.

ನಮ್ಮ ಪರಿಸರದಲ್ಲಿ ಈ ಆರೇಳು ವರ್ಷಗಳಲ್ಲಿ ಆದಷ್ಟು ಬದಲಾವಣೆ ಹಿಂದಿನ ಇಪ್ಪತ್ತು ವರ್ಷಗಳಲ್ಲೂ ಆಗಿರಲಾರದು. ಖಾರೆಗಾಂವ್‌ನ ರೈಲ್ವೇ ಫಾಟಕದ ಮೇಲೆ 2022ರ ಜನವರಿಯಲ್ಲಿ ಮೇಲ್ಸೇತುವೆ ತೆರೆಯಿತು; ಹಳೆಯ ನಕ್ಷೆ ಇಂದಿಗೂ ಫಾಟಕದ ಬಾಯಿಗೇ ಒಯ್ದು ನಿಲ್ಲಿಸುತ್ತದೆ. ಶಿವಡಿಯಿಂದ ನ್ಹಾವಾ ಶೇವಾ ಕಡೆಗೆ ಸಮುದ್ರ ದಾಟುವ, ಸುಮಾರು 22 ಕಿ.ಮೀ. ಉದ್ದದ ಅಟಲ್ ಸೇತು ಬಂದದ್ದು 2024ರ ಜನವರಿಯಲ್ಲಿ. ಶಿರಡಿ ಯಾತ್ರೆಗೆ ಹೋಗುವ ನಮ್ಮವರಿಗೆ ಉಪಕಾರವಾದ ಸಮೃದ್ಧಿ ಮಹಾಮಾರ್ಗದ ಕೊನೆಯ ಭಾಗ, ಇಗತ್‌ಪುರಿಯಿಂದ ಥಾಣೆ ಜಿಲ್ಲೆಯ ಆಮಣೆವರೆಗಿನದು, 2025ರ ಜೂನ್‌ನಲ್ಲಿ ತೆರೆಯಿತು.

ರಸ್ತೆ ಕಾಣದಿರುವುದಕ್ಕಿಂತ ಹೆಚ್ಚು ಹಾನಿ ಮಾಡುವುದು ನಿಯಮ ಬದಲಾದದ್ದು ತಿಳಿಯದಿರುವುದು. ಮುಂಬಯಿಯ ಐದು ಪ್ರವೇಶದ್ವಾರಗಳಲ್ಲಿ ಲಘು ವಾಹನಗಳಿಗೆ ಟೋಲ್ ರದ್ದಾದದ್ದು 2024ರ ಅಕ್ಟೋಬರ್ 14ರ ಮಧ್ಯರಾತ್ರಿಯಿಂದ. ಐರೋಲಿಯೂ ಅದರಲ್ಲೊಂದು. ಹಿಂದೊಮ್ಮೆ ಟೋಲ್ ತಪ್ಪಿಸುವಂತೆ ನಾನು ಹೊಂದಿಸಿಟ್ಟದ್ದನ್ನು ಮರೆತೇಬಿಟ್ಟಿದ್ದೆ. ಮುಲುಂಡಿಗೆ ಹೋಗಲು ಐರೋಲಿ ಸೇತುವೆ ಎದುರಿಗಿದ್ದರೂ ಯಂತ್ರ ನನ್ನನ್ನು ಥಾಣೆ ಸುತ್ತಿಸಿ ಕಳುಹಿಸಿತು. ಇಲ್ಲದ ಟೋಲನ್ನು ಉಳಿಸಲು ಇರುವ ಪೆಟ್ರೋಲನ್ನು ಸುಟ್ಟದ್ದಾಯಿತು!

ಊರಿಗೆ ಹೋಗುವ ದಾರಿಯಲ್ಲಿ ಇದು ಇನ್ನಷ್ಟು ಗಂಭೀರವಾಗುತ್ತದೆ. ಕೊಂಕಣದ ಕಶೇಡಿ ಘಾಟಿಯ ಸುರಂಗವನ್ನು 2023ರ ಗಣೇಶೋತ್ಸವದ ಹೊತ್ತಿಗೆ ಮೊದಲ ಬಾರಿ ತೆರೆಯಲಾಯಿತು. ಹಳೆಯ ನಕ್ಷೆ ಈಗಲೂ ಘಾಟಿಯ ತಿರುವುಗಳನ್ನೇ ಹತ್ತಿಸುತ್ತದೆ. ಅದಾದರೂ ಸಮಯದ ನಷ್ಟವಷ್ಟೇ. ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಬದುಕಿಸಲಾಯಿತು. ಮರುದಿನ ಊರಿಗೆ ಹೊರಟವರ ಕಾರ್ಡಿನಲ್ಲಿ ಆ ಸೇತುವೆ ಗಟ್ಟಿಯಾಗಿಯೇ ನಿಂತಿತ್ತು. ವರ್ಷಕ್ಕೊಮ್ಮೆ ನವೀಕರಿಸಿದರೂ ಇಂತಹ ಸಂಗತಿ ಕಾರ್ಡಿಗೆ ಸಿಗದು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಹೆಸರುಗಳ ವಿಷಯ ಬೇರೆ. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ನಮ್ಮ ಕಾರು ಮಾತ್ರ ಇಂದಿಗೂ ಬೆಳಗಾವಿಯನ್ನು ಬೆಳಗಾಂ ಎಂದೇ ಗುರುತಿಸುತ್ತದೆ. ಬ್ಯಾಂಕುಗಳನ್ನು ಹುಡುಕಿದರೆ ವಿಜಯಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಸಾಲಾಗಿ ಎದ್ದು ಬರುತ್ತವೆ. ಮೊದಲನೆಯದು 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಉಳಿದೆರಡು 2020ರ ಏಪ್ರಿಲ್‌ನಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಕರಾವಳಿಯ ನೆಲದಲ್ಲಿ ಹುಟ್ಟಿದ ಆ ಹೆಸರುಗಳನ್ನು ಪರದೆಯ ಮೇಲೆ ಕಾಣುವಾಗ, ನಕ್ಷೆ ಹಳೆಯದಾದದ್ದಕ್ಕೆ ನನಗೆ ಸಿಟ್ಟು ಬರುವುದಿಲ್ಲ. ಇದು ನನ್ನ ದೌರ್ಬಲ್ಯವಿರಬಹುದು.

ಹಾಗಾದರೆ ನವೀಕರಿಸಬಾರದೇಕೆ? ಕೊಂಡ ಮೊದಲ ಕೆಲವು ವರ್ಷ ನಮಗೆ ಉಚಿತ ನವೀಕರಣದ ಸೌಲಭ್ಯವಿತ್ತು. ಕಾರ್ಡನ್ನು ಹೊರತೆಗೆದು, ಕಂಪ್ಯೂಟರಿಗೆ ಜೋಡಿಸಿ, ರಾತ್ರಿಯಿಡೀ ಇಳಿಸಿಕೊಳ್ಳುವ ಆ ಕೆಲಸವನ್ನು ಇಂದು ನಾಳೆ ಎನ್ನುತ್ತ ನಾನೇ ಮುಂದೂಡಿದೆ. ಅವಧಿ ಮುಗಿದ ಮೇಲೆ ಹಣ ಕೊಡಬೇಕೆಂದರು. ಅದಕ್ಕೂ ಸಿದ್ಧನಾಗಿ ಕಳೆದ ವರ್ಷ ಸರ್ವೀಸ್ ಕೇಂದ್ರಕ್ಕೆ ಹೋದಾಗ, ಈ ಮಾದರಿಗೆ ನಕ್ಷೆ ಬರುವುದೇ ನಿಂತಿದೆ, ಮೊಬೈಲ್ ಬಳಸಿ ಎಂಬ ಉತ್ತರ ದೊರೆಯಿತು. ಖಾಸಗಿ ಕಾರಿನ ನೋಂದಣಿಗೆ ಸರಕಾರ ಕೊಡುವ ಅವಧಿ 15 ವರ್ಷ. ಅದರೊಳಗಿನ ನಕ್ಷೆಗೆ ಅದರ ಅರ್ಧ ಆಯುಷ್ಯವೂ ಇಲ್ಲ.

ಹಳತಾಗುವುದು ನಕ್ಷೆಯಷ್ಟೇ ಅಲ್ಲ. ಜಿಪಿಎಸ್ ವ್ಯವಸ್ಥೆ ಮೂಲದಲ್ಲಿ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಆರಂಭಿಸುತ್ತದೆ. 1999ರ ಆಗಸ್ಟ್ ಬಳಿಕ ಹಾಗಾದದ್ದು 2019ರ ಏಪ್ರಿಲ್ 6ರಂದು. ಇದಕ್ಕೆ ಸಿದ್ಧವಿಲ್ಲದ ಹಳೆಯ ಯಂತ್ರಗಳು ದಿನಾಂಕವನ್ನೇ ತಪ್ಪು ಎಣಿಸುತ್ತವೆ. 1999ರ ಡಿಸೆಂಬರ್ 31ರ ರಾತ್ರಿ ಕಂಪ್ಯೂಟರುಗಳು ತಾರೀಕು ಮರೆಯುತ್ತವೆಂದು ಬ್ಯಾಂಕುಗಳು ಪಟ್ಟ ಆತಂಕವನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಮೊಬೈಲ್ ಇರುವಾಗ ಈ ಚಿಂತೆಯೇಕೆ ಎಂದು ಮನೆಯ ಮಕ್ಕಳು ಕೇಳುತ್ತಾರೆ. ಆದರೆ ಕ್ಷಣಕ್ಷಣಕ್ಕೆ ಬದಲಾಗುವ ನಕ್ಷೆಯೂ ಕೈಕೊಟ್ಟದ್ದುಂಟು. 2025ರ ಜುಲೈಯಲ್ಲಿ ನಮ್ಮ ನೆರೆಯ ಬೇಲಾಪುರದಲ್ಲಿ, ಮೊಬೈಲಿನ ನಕ್ಷೆ ನಂಬಿ ಹೊರಟ ಮಹಿಳೆಯೊಬ್ಬರ ಕಾರು ಸೇತುವೆ ಏರುವ ಬದಲು ಕೆಳಗಿನ ದಾರಿ ಹಿಡಿದು ಖಾಡಿಗೆ ಬಿತ್ತು. ಪೊಲೀಸರು ಅವರನ್ನು ಪಾರುಮಾಡಿದರು. 2024ರ ಜೂನ್‌ನಲ್ಲಿ ಕಾಸರಗೋಡಿನ ಇಬ್ಬರು ಯುವಕರು ಹೀಗೆಯೇ ತುಂಬಿ ಹರಿಯುವ ಹೊಳೆಗೆ ಇಳಿದು ಕೂದಲೆಳೆಯಲ್ಲಿ ಬದುಕಿದರು. ಅದೇ ವರ್ಷ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದ ಮೂವರು ಬದುಕಲಿಲ್ಲ.

ಕಾರಿನ ನಕ್ಷೆಗೆ ಅದರದೇ ಆದ ಗುಣವೂ ಉಂಟು. ಘಟ್ಟದ ತಿರುವುಗಳಲ್ಲಿ ಮೊಬೈಲಿಗೆ ನೆಟ್‌ವರ್ಕ್ ಇಲ್ಲದಿದ್ದರೂ ಅದು ನಿಲ್ಲುವುದಿಲ್ಲ. ಉಪಗ್ರಹದ ಸಂಕೇತ ಸಿಗದ ಸುರಂಗದಲ್ಲೂ, ಇಂತಹ ಅನೇಕ ವ್ಯವಸ್ಥೆಗಳು ಚಕ್ರದ ವೇಗ ಮತ್ತು ತಿರುವನ್ನು ಲೆಕ್ಕಹಾಕಿ ಸ್ಥಳವನ್ನು ಊಹಿಸುತ್ತವೆ. ಆದುದರಿಂದ ಅದನ್ನು ನಿರುಪಯೋಗಿ ಎಂದು ತಳ್ಳಿಹಾಕುವುದು ಸರಿಯಲ್ಲ.

ನನ್ನ ಅಭಿಪ್ರಾಯದಲ್ಲಿ ಹೊಣೆ ಇಬ್ಬರದು. ನಕ್ಷೆಯನ್ನು ಕಾರಿನ ಬೆಲೆಯಲ್ಲಿ ಸೇರಿಸಿ ಮಾರಿದವರು, ಬಿಡಿಭಾಗಗಳಂತೆ ಅದನ್ನೂ ಕಾರಿನ ಆಯುಷ್ಯವಿಡೀ ಒದಗಿಸಬೇಕು. ಹಣ ಪಡೆಯಲಿ, ನಿಲ್ಲಿಸಬಾರದು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿಯ ಹಕ್ಕಿನ ಚರ್ಚೆಗೆ ಕೈಹಾಕಿದಾಗ ವಾಹನಗಳನ್ನೂ ಸೇರಿಸಿತ್ತು. ನಕ್ಷೆಯೂ ಆ ಹಕ್ಕಿನ ವ್ಯಾಪ್ತಿಗೆ ಬರುವುದು ನ್ಯಾಯ. ಇನ್ನೊಂದು ಹೊಣೆ ರಸ್ತೆ ಕಟ್ಟುವ ಸರಕಾರಿ ಸಂಸ್ಥೆಗಳದು. 2021ರ ಫೆಬ್ರವರಿ 15ರಂದು ಕೇಂದ್ರ ಸರಕಾರ ಭಾರತೀಯ ಕಂಪನಿಗಳಿಗೆ ನಕ್ಷೆ ರಚನೆಯ ಹಳೆಯ ಅನುಮತಿಗಳ ಕಟ್ಟು ಸಡಿಲಿಸಿದೆ. ಇನ್ನು ಉಳಿದಿರುವುದು, ಸೇತುವೆ ತೆರೆದ ಅಥವಾ ಮುಚ್ಚಿದ ದಿನವೇ ಆ ಮಾಹಿತಿಯನ್ನು ಎಲ್ಲ ನಕ್ಷೆಗಾರರಿಗೂ ಕಡ್ಡಾಯವಾಗಿ ತಿಳಿಸುವ ಏರ್ಪಾಡು. ರಿಬ್ಬನ್ ಕತ್ತರಿಸುವ ಸಮಾರಂಭಕ್ಕೆ ಸಿಗುವ ಉತ್ಸಾಹದ ಒಂದಂಶ ಇದಕ್ಕೂ ಸಿಗಲಿ.

ಹೊಸ ಕಾರು ಕೊಳ್ಳಲಿರುವ ನಮ್ಮ ಬಂಧುಗಳು ಬಣ್ಣ, ಮೈಲೇಜುಗಳ ಜೊತೆಗೆ ಇದನ್ನೂ ಶೋರೂಮಿನಲ್ಲಿ ಕೇಳಬೇಕು: ನಕ್ಷೆ ಎಷ್ಟು ವರ್ಷ ಉಚಿತ, ಆಮೇಲೆ ಎಷ್ಟು ಹಣ, ಯಾವ ವರ್ಷದವರೆಗೆ ದೊರೆಯುತ್ತದೆ? ಬಾಯಿಮಾತಿನ ಉತ್ತರ ಸಾಲದು, ಬಿಲ್ಲಿನ ಜೊತೆ ಬರೆದು ಸಹಿ ಹಾಕಿದ ಕಾಗದ ಕೈಗೆ ಬರಬೇಕು.